ಹುಬ್ಬಳ್ಳಿ ಗುಜರಿಯಲ್ಲಿ ಸಿಕ್ಕ 'ಮಿಲಿಟರಿ' ಬಿಲ್ಲೆಗಳು

ನಾನು ಮೊದಲ ಸಲ ಏಮಾರಿದ್ದು ಮೂರು ನಕ್ಷತ್ರ ನೋಡಿ. ಹುಬ್ಬಳ್ಳಿಯ ಒಂದು ಗುಜರಿ ಅಂಗಡಿ, ಬಿಸ್ಕತ್ ಡಬ್ಬಿ ತುಂಬ ಹಳೇ ಗುಂಡಿ, ಬಕಲ್, ಬಿಲ್ಲೆ. ಅದರೊಳಗೆ ಖಾಕಿ ಹೆಗಲಪಟ್ಟಿ ಒಂದು ಜೊತೆ. ಮೂರು ನಕ್ಷತ್ರ, ತುದಿಯಲ್ಲಿ ಕೆಂಪು-ನೀಲಿ ರಿಬ್ಬನ್. "ಕ್ಯಾಪ್ಟನ್ ಸಾಹೇಬರದು ರೀ, ಒರಿಜಿನಲ್ ಮಿಲಿಟರಿ ಮಾಲ್" ಅಂದರು. 300 ರೂಪಾಯಿ ಕೊಟ್ಟು ತಂದೆ.

ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ರಿಟೈರ್ಡ್ ಸುಬೇದಾರರಿದ್ದಾರೆ, ಓಣಿಗೆಲ್ಲ ಕಾಕಾ. ಅವರು ಕನ್ನಡಕ ಕೂಡ ಹಾಕಿಕೊಳ್ಳದೆ ನಕ್ಕುಬಿಟ್ಟರು. "ತಮ್ಮಾ, ಇದು ಪೊಲೀಸ್ ಇನ್ಸ್‌ಪೆಕ್ಟರಂದು. ಕ್ಯಾಪ್ಟನ್‌ಗೂ ಮೂರು ಸ್ಟಾರ್ ಖರೆ, ಆದರ ರಿಬ್ಬನ್ ಎಲ್ಲಿಂದ ಬಂತು?" ಸೈನ್ಯದಲ್ಲಿ ರಿಬ್ಬನ್ ಇರುವುದು ಅವರಂಥ ಜೆಸಿಒಗಳಿಗೆ, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರುಗಳಿಗೆ. ಅದರ ಬಣ್ಣ ಕೆಂಪು, ನಡುವೆ ಹಳದಿ. ನೀಲಿ ಕಂಡರೆ ಪೊಲೀಸ್ ಕಡೆ ನೋಡು ಅಂದರು.

ಆವತ್ತಿನಿಂದ ನಾನು ಇದು ಯಾವ ರೆಜಿಮೆಂಟು ಅಂತ ಮೊದಲು ಕೇಳುವುದೇ ಇಲ್ಲ. ಇದು ಸೈನ್ಯದ್ದೇ ಹೌದಾ ಅಂತ ಕೇಳುತ್ತೇನೆ. ನಮ್ಮೂರಲ್ಲಂತೂ ಈ ಪ್ರಶ್ನೆ ಬೇಕೇ ಬೇಕು, ಯಾಕಂದರೆ ಇಲ್ಲಿ ಸಿಗುವುದರಲ್ಲಿ ಜಾಸ್ತಿ ಪಾಲು ರೈಲ್ವೆಯದು, ಪೊಲೀಸರದು, ಎನ್‌ಸಿಸಿಯದು, ಇಲ್ಲಾ ಕಚೇರಿ ಜವಾನರ ಡವಾಲಿ ಬಿಲ್ಲೆ.

ರೈಲ್ವೆ ಗುಂಡಿ ಗುರುತಿಸುವುದು ಸುಲಭ, ಮಜಾನೂ ಹೌದು. 'ಎಂ ಅಂಡ್ ಎಸ್‌ಎಂ' ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಆ ಕಂಪನಿ ಹುಟ್ಟಿದ್ದು 1908ರಲ್ಲಿ, 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಅಂದರೆ ಹೆಸರು ಓದಿದರೆ ಸಾಕು, ಅದರ ಕಾಲ ಗೊತ್ತಾಯಿತು. ಆದರೆ ಪೂರ್ತಿ ಓದಬೇಕು. ಅದೇ ಅಕ್ಷರಗಳ ಜೊತೆ 'ರೈಫಲ್ಸ್' ಅಂತಲೂ ಇದ್ದರೆ ಕಥೆಯೇ ಬೇರೆ. ರೈಲ್ವೆಯ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ನೌಕರರು ಬಿಡುವಿನಲ್ಲಿ ಕವಾಯತು ಮಾಡುತ್ತಿದ್ದ ಪಡೆ ಅದು, ನಿಜಕ್ಕೂ ಸೈನ್ಯದ ಲೆಕ್ಕಕ್ಕೇ ಬರುತ್ತದೆ. ನನಗಿನ್ನೂ ಒಂದೂ ಸಿಕ್ಕಿಲ್ಲ!

ಗಂಡಭೇರುಂಡ ಕಂಡ ತಕ್ಷಣ "ಮೈಸೂರು ಮಹಾರಾಜರ ಸೈನ್ಯದ್ದು" ಅನ್ನುವುದು ಇನ್ನೊಂದು ಚಾಳಿ. 1956ರವರೆಗೆ ನಾವು ಮುಂಬಯಿ ಕಡೆಯವರು, ಮೈಸೂರು ಲಾನ್ಸರ್ಸ್ ಗುಂಡಿ ಇಲ್ಲಿಗೆ ಯಾಕೆ ಬಂದೀತು? ಬರಬಾರದು ಅಂತೇನಿಲ್ಲ. ಆದರೆ ಗಂಡಭೇರುಂಡದ ಮೇಲೆ ಅಶೋಕ ಸ್ತಂಭದ ಸಿಂಹಗಳಿದ್ದರೆ ಸುಮ್ನೆ ವಾಪಸ್ ಇಡಿ. ಅದು ನಮ್ಮ ರಾಜ್ಯ ಸರ್ಕಾರದ ಲಾಂಛನ, ಮಹಾರಾಜರದ್ದಲ್ಲ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಏನಾದರೂ ಉಳಿದರೆ ಅದರ ಮೇಲಿನ ಬ್ರಿಟಿಷ್ ಕಿರೀಟದ ಗುರುತು ನೋಡುತ್ತೇನೆ. ಭಾರತದ ಸೈನ್ಯದಲ್ಲಿ ಕಿರೀಟ ಹೋಗಿ ಸಿಂಹ ಬಂದಿದ್ದು 1950ರಲ್ಲಿ, ಗಣರಾಜ್ಯವಾದಾಗ. 1901ರ ನಂತರದ ರಾಜರ ಕಿರೀಟದ ಕಮಾನು ಗುಮ್ಮಟದ ಹಾಗೆ ದುಂಡಗೆ ಇರುತ್ತದೆ. ಎಲಿಜಬೆತ್ ರಾಣಿಯದು ನಡುವೆ ತಗ್ಗು. ಒಮ್ಮೆ "ಮೊದಲನೇ ಮಹಾಯುದ್ಧದ್ದು" ಅಂತ ಕೊಟ್ಟಿದ್ದರ ಮೇಲೆ ಈ ತಗ್ಗಿನ ಕಿರೀಟ ಇತ್ತು. ರಾಣಿ ಪಟ್ಟಕ್ಕೆ ಬಂದಿದ್ದೇ 1952ರಲ್ಲಿ!

ಅಧಿಕಾರಿಗಳ ಹೆಗಲ ನಕ್ಷತ್ರವೂ ಹೀಗೇ ಮಾತಾಡುತ್ತದೆ. ಈಗಿನದಕ್ಕೆ ಐದು ಮೂಲೆ. ಬ್ರಿಟಿಷರ ಕಾಲದ್ದಕ್ಕೆ ಸಾಮಾನ್ಯವಾಗಿ ನಾಲ್ಕು, ಭೂತಗನ್ನಡಿ ಹಿಡಿದರೆ ನಡುವೆ ಮೂರು ಪುಟ್ಟ ಕಿರೀಟ, ಸುತ್ತ ಲ್ಯಾಟಿನ್ ಅಕ್ಷರ ಕಾಣುತ್ತವೆ. ನನಗೆ ಸಿಕ್ಕ ಒಂದರಲ್ಲಿ ಆ ಕಿರೀಟಗಳು ಸಾಸಿವೆ ಕಾಳಿನಷ್ಟಿದ್ದವು.

ಮುಂಭಾಗ ಎಷ್ಟು ಚೆಂದ ಇದ್ದರೂ ನನಗೆ ನಂಬಿಕೆ ಬರುವುದು ತಿರುಗಿಸಿ ನೋಡಿದ ಮೇಲೆ. ಅಚ್ಚಿನಲ್ಲಿ ಒತ್ತಿದ ಬಿಲ್ಲೆಯ ಹಿಂದೆ ಮುಂದಿನ ಚಿತ್ರವೇ ತಗ್ಗಾಗಿ ಮೂಡಿರುತ್ತದೆ. ಎರಕ ಹೊಯ್ದ ನಕಲಿಯ ಹಿಂಭಾಗ ಮರಳು ಮರಳು, ಸಣ್ಣ ಗುಳಿಗಳು, ಕೈಗೂ ಭಾರ. ಹಿಂದೆ ಎರಡು ಕೊಂಡಿಯೋ ಉದ್ದ ತಗಡಿನ ಪಟ್ಟಿಯೋ ಬೆಸುಗೆ ಹಾಕಿದ್ದರೆ ಅದರ ಸುತ್ತಲಿನ ಬಣ್ಣ ನೋಡಿ. ಬಿಲ್ಲೆ ಕಪ್ಪಾಗಿ ಬೆಸುಗೆ ಮಾತ್ರ ಹೊಳೆಯುತ್ತಿದ್ದರೆ ಅನುಮಾನ ಪಡಲೇಬೇಕು.

ಬ್ಯೂಗಲ್ ಇರುವ ಬಿಲ್ಲೆ ಸಿಕ್ಕಾಗ ಕುಣಿದಾಡಿದ್ದೆ. ಬೆಳಗಾವಿ ನಮಗೆ ಎರಡು ತಾಸಿನ ದಾರಿ, ಬ್ಯೂಗಲ್ ಗುರುತಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದೇ ಅಲ್ಲಿ, ಇನ್ನೇನು ಬೇಕು ಅಂತ. ಬ್ಯೂಗಲ್ಲು ರೈಫಲ್ಸ್ ರೆಜಿಮೆಂಟುಗಳಿಗೂ ಉಂಟು ಅಂತ ಕಾಕಾ ತಣ್ಣೀರು ಎರಚಿದರು. ಅಕ್ಷರ ಓದೋಣ ಅಂದರೆ ಮಸಿ ಹಿಡಿದಿತ್ತು. ನಾನು ಮಾಡಿದ ತಪ್ಪು ಕೇಳಿ, ದೇವರ ದೀಪ ತಿಕ್ಕುವ ಹಾಗೆ ಹುಣಸೇಹಣ್ಣು, ಬೂದಿ ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು, ಮೇಲೆ ಉಳಿದಿದ್ದ ಲೇಪ ಹೋಯಿತು, ಮೊದಲೇ ಸವೆದಿದ್ದ ಅಕ್ಷರ ಇನ್ನಷ್ಟು ಅಳಿಸಿತು. 'ಎಂ' ಒಂದು ಕಾಣುತ್ತದೆ, ಅಷ್ಟೇ. ಈಗ ಒಣ ಬ್ರಶ್ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಅಡ್ಡ ಹಿಡಿದರೆ ನೆರಳಿನಲ್ಲೇ ಅಕ್ಷರ ಏಳುತ್ತವೆ.

ಅದೇ ಡಬ್ಬಿಯ ತಳದಲ್ಲಿ ಒಂದು ಪದಕವೂ ಇತ್ತು, 1972ರದು, ಸ್ವಾತಂತ್ರ್ಯದ 25ನೇ ವರ್ಷಕ್ಕೆ ಕೊಟ್ಟಿದ್ದು. ಟಾರ್ಚ್ ಹಿಡಿದು ಅಂಚು ತಿರುಗಿಸಿದೆ. ನಂಬರ್, ಹುದ್ದೆ, ಹೆಸರು, ಎಲ್ಲ ಸ್ಪಷ್ಟ. ಗುರುತಿಸಲು ಇನ್ನೇನೂ ಉಳಿದಿರಲಿಲ್ಲ. ಅದನ್ನು ಮಾತ್ರ ಡಬ್ಬಿಗೆ ಹಾಕಲಿಲ್ಲ. ಈಗ ಕಾಕಾನ ಹತ್ತಿರ ಇದೆ, ಅವರು ತಮ್ಮ ಹಳೇ ಗೆಳೆಯರಿಗೆಲ್ಲ ಫೋನ್ ಹಚ್ಚಿ ಆ ಮನೆಯವರನ್ನು ಹುಡುಕುತ್ತಿದ್ದಾರೆ.