ಕುಕ್ಕರ್ ಕೂಗಿದ ಮೇಲೆ ಸ್ಟೀಮ್ ಟೇಬಲ್ ತೆಗೆಸಿದೆ

ಬೇಸಿಕ್ ಥರ್ಮೋಡೈನಾಮಿಕ್ಸ್ ಪಾಠ ಮಾಡುವವರಿಗೆ ಈ ತಾಪತ್ರಯ ಗೊತ್ತೇ ಇರುತ್ತದೆ. ಗೇಜ್ ಪ್ರೆಶರ್ (ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಅನ್ನುವುದು) 1 ಬಾರ್ ಅಂತ ಲೆಕ್ಕ ಕೊಟ್ಟರೆ, ಅರ್ಧ ಕ್ಲಾಸು, ಯಾವ ಒಟ್ಟು ಒತ್ತಡಕ್ಕೆ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ಹೇಳುವ ಸ್ಟೀಮ್ ಟೇಬಲ್‌ನಲ್ಲಿ ಗಾಳಿಯ ಒತ್ತಡ ಕೂಡಿಸದೆ ಸೀದಾ 1 ಬಾರ್ ಸಾಲಿಗೇ ಹೋಗುತ್ತದೆ. ಬೋರ್ಡಿನ ಮೇಲೆ ಎಷ್ಟು ಬರೆದರೂ ಅಷ್ಟೇ. ಕೊನೆಗೆ ಮನೆಯ ಹಳೇ ಐದು ಲೀಟರ್ ಕುಕ್ಕರನ್ನೇ ಬೆಂಗಳೂರಿನ ನಮ್ಮ ಲ್ಯಾಬಿಗೆ ಹೊತ್ತುಕೊಂಡು ಹೋದೆ. "ಬೇಳೆನೂ ತಂದಿದ್ದೀರಾ ಸರ್?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು.

ಖರ್ಚೆಲ್ಲ ನನ್ನದೇ. ಗೇಜಿಗೆ ನಾನೂರು, ಕೆ-ಟೈಪ್ ಥರ್ಮೋಕಪಲ್ (ಟೆಂಪರೇಚರ್ ಅಳೆಯುವ ತಂತಿ) ಮತ್ತು ಡಿಸ್‌ಪ್ಲೇಗೆ ಒಂಬೈನೂರರ ಆಸುಪಾಸು. ಎಲ್ಲ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದಿದ್ದು. ಮೊದಲ ಮುಚ್ಚಳ ದಂಡವಾಯಿತು. ತಂತಿ ಇಳಿಸಿದ ತೂತಿಗೆ ಮೆತ್ತಿದ್ದ ಎಪಾಕ್ಸಿ ಅಂಟು ಬಿಸಿಗೆ ಮೆತ್ತಗಾಗಿ ಉಸ್ ಅಂದುಬಿಟ್ಟಿತು. ಎರಡನೇ ಮುಚ್ಚಳಕ್ಕೆ ಮತ್ತೆ ಆರುನೂರು. ಈ ಸಲ ಹೇಗೆ ಸೀಲ್ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದಕ್ಕೆ ನಾಲ್ಕು ಭಾನುವಾರ ಹೋಗಿದೆ. ಸೇಫ್ಟಿ ವಾಲ್ವಿನ ತಂಟೆಗೆ ಮಾತ್ರ ಯಾರೂ ಹೋಗಬೇಡಿ.

ಅಷ್ಟಾದರೂ ಗೇಜು 1 ಬಾರ್ ತೋರಿಸುವಾಗ ಟೆಂಪರೇಚರ್ 118ರ ಹತ್ತಿರ ಹೋಗದೆ 112 ಡಿಗ್ರಿಗೇ ನಿಂತಿತು. ಥರ್ಮೋಕಪಲ್ ಬದಲಿಸಿದೆ. ಅದೇ 112. ಮನೆಯಲ್ಲಿ ಅಮ್ಮ ಅನ್ನಕ್ಕಿಡುವುದನ್ನು ನೋಡಿದಾಗ ಹೊಳೆಯಿತು. ಅವರು ಹಬೆ ಜೋರಾಗಿ ಬಂದ ಮೇಲೆಯೇ ವೆಯ್ಟ್ ಹಾಕುತ್ತಾರೆ. ನಾನು ಮೊದಲೇ ಹಾಕಿ ಒಳಗೆ ಗಾಳಿ ಕೂಡಿಹಾಕಿದ್ದೆ. ಪ್ರೆಶರಿನಲ್ಲಿ ಗಾಳಿಯ ಪಾಲೂ ಇತ್ತು, ಟೇಬಲ್ ಹೇಳುವುದು ಬರೀ ಹಬೆಯ ಲೆಕ್ಕ. ಒಟ್ಟು ಒತ್ತಡ ಅಂದರೆ ಒಂದೊಂದು ಅನಿಲದ ಪಾಲಿನ ಮೊತ್ತ ಅನ್ನುವ ಡಾಲ್ಟನ್ ನಿಯಮವನ್ನು ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ನಾಚಿಕೆಯಾಯಿತು.

ಕ್ಲಾಸಿನಲ್ಲಿ ಒಲೆ ಹಚ್ಚುವ ಮೊದಲು ಎಲ್ಲರ ಊಹೆ ಬರೆಸಿದೆ. ಹೆಚ್ಚಿನವರದು 1 ಬಾರ್ ಸಾಲಿನ 99.6. ಕುಕ್ಕರ್ ಕೂಗಿತು, ಡಿಸ್‌ಪ್ಲೇಯಲ್ಲಿ 118. ಗುಸುಗುಸು ಶುರುವಾಯಿತು. ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 0.9 ಬಾರ್, ಅದನ್ನು ಕೂಡಿಸಿ 1.9ರ ಸಾಲು ನೋಡಿ ಅಂದೆ. 118.6! ಇಂಟರ್ನಲ್ಸ್‌ನಲ್ಲಿ ಅರವತ್ತು ಜನರಲ್ಲಿ ಈ ತಪ್ಪು ಮಾಡಿದವರು ಏಳೋ ಎಂಟೋ. ಮೊದಲು ಮೂವತ್ತರ ಮೇಲಿರುತ್ತಿದ್ದರು. ನಕ್ಕವರೇ ಈಗ ಕುಕ್ಕರ್ ಕೇಳಿಕೊಂಡು ಬರುತ್ತಾರೆ.

ಜೊತೆಗೆ ಇಂಡಕ್ಷನ್ ಒಲೆಯನ್ನೂ ಅಳೆದೆವು. ಎರಡು ಲೀಟರ್ ನೀರು 25ರಿಂದ 97ಕ್ಕೆ ಏರಲು 1200 ವ್ಯಾಟಿನಲ್ಲಿ ಹತ್ತು ನಿಮಿಷ. ಅಂದರೆ ಒಲೆ ತೆಗೆದುಕೊಂಡ 720ರಲ್ಲಿ 600 ಕಿಲೋಜೂಲ್ ನೀರಿಗೆ ಸೇರಿತು. ಗ್ಯಾಸ್ ಒಲೆಯದ್ದೂ ನೋಡೋಣ ಅಂತ ಸಿಲಿಂಡರ್ ತೂಕ ಹಾಕಿದೆವು. ಖರ್ಚಾಗಿದ್ದೇ ಇಪ್ಪತ್ತು-ಇಪ್ಪತ್ತೈದು ಗ್ರಾಂ ಇರಬೇಕು, ನಮ್ಮ ತಕ್ಕಡಿಗೆ ಅದು ಲೆಕ್ಕಕ್ಕೇ ಇಲ್ಲ!

"ಸರ್, ವೆಯ್ಟಿನ ಪಕ್ಕದಲ್ಲೇ ಹಬೆ ಕಾಣಲ್ಲ, ಆಮೇಲೆ ಬೆಳ್ಳಗಾಗತ್ತೆ, ಅಲ್ವಾ?" ಅಂತ ಕೊನೇ ಬೆಂಚಿನ ಹುಡುಗಿ ಕೇಳಿದಳು. ಥ್ರಾಟ್ಲಿಂಗ್ (ಕಿರಿದಾದ ದಾರಿಯಲ್ಲಿ ನುಗ್ಗುವ ಹಬೆಯ ಒತ್ತಡ ಒಮ್ಮೆಲೇ ಇಳಿಯುವುದು) ಪಾಠ ಮುಂದಿನ ವಾರಕ್ಕಿತ್ತು, ಅವತ್ತೇ ಶುರು ಮಾಡಿದೆ. ಇನ್ನೊಂದು ಥರ್ಮೋಕಪಲ್ ತುದಿಯನ್ನು ಇಕ್ಕಳದಲ್ಲಿ ಅಲ್ಲಿಗೆ ಹಿಡಿದರೆ 105 ಬಂತು. ಟೇಬಲ್ ಪ್ರಕಾರ 113ರ ಹತ್ತಿರ ಬರಬೇಕಿತ್ತು. ಉಳಿದ ಎಂಟು ಡಿಗ್ರಿ ಎಲ್ಲಿ ಹೋಯಿತು ಅನ್ನುವುದೇ ಈ ಸಲದ ಅಸೈನ್‌ಮೆಂಟ್.