ಹುಡುಗಿಯ ದುಡಿಮೆ ಲೆಕ್ಕಕ್ಕೆ ಸಿಗಬೇಕಾದರೆ

ಬಾಲಕಾರ್ಮಿಕ ಪದ್ಧತಿಯನ್ನು ತಗ್ಗಿಸುವ, ಹಳ್ಳಿಯ ಹುಡುಗಿಯರನ್ನು ಸಬಲರನ್ನಾಗಿಸುವ ಯೋಜನೆಗಳ ಮೌಲ್ಯಮಾಪನಕ್ಕೆ ಹೋದಾಗ ಸಾಮಾನ್ಯವಾಗಿ ಮೊದಲು ಕೈಗೆ ಸಿಗುವುದು ಶಾಲಾ ದಾಖಲಾತಿಯ ಪಟ್ಟಿ. ನಾನು ಅದನ್ನು ಪಕ್ಕಕ್ಕೆ ಇಡುತ್ತೇನೆ. ಹೆಸರು ಶಾಲೆಯಲ್ಲಿ, ಹುಡುಗಿ ಹೊಲದಲ್ಲಿ ಇರುವುದು ಹೊಸದೇನಲ್ಲ.

‘ನಿಮ್ಮ ಮಗಳು ಕೆಲಸ ಮಾಡುತ್ತಾಳೆಯೇ?’ ಎಂದು ತಂದೆಯನ್ನು ಕೇಳಿದರೆ ಬಹುಪಾಲು ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅದು ಸುಳ್ಳೆಂದಲ್ಲ. ಕೂಲಿ ಬಾರದ ದುಡಿಮೆ ಅವರ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ಹಾಗಾಗಿ ನಾನು ಹುಡುಗಿಯನ್ನೇ ಕೇಳುತ್ತೇನೆ: ಹಿಂದಿನ ಏಳು ದಿನಗಳಲ್ಲಿ ನೀರು ತಂದೆಯಾ, ಮೇವು ಕೊಯ್ದೆಯಾ, ತಮ್ಮನನ್ನು ನೋಡಿಕೊಂಡೆಯಾ, ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಯಿತು? ಗಂಟೆಗಳಲ್ಲಿ ಹೇಳಲಾಗದಿದ್ದರೆ ಶಾಲೆಯ ಗಂಟೆ, ಊಟದ ಹೊತ್ತು, ದೀಪ ಹಚ್ಚುವ ಹೊತ್ತುಗಳ ಗುರುತು ಸಾಕು. ಮಾತುಕತೆ ಮನೆಯವರ ಕಣ್ಣೆದುರು ನಡೆಯಬೇಕು, ಅವರ ಕಿವಿಗೆ ಬೀಳಬಾರದು. ಇದನ್ನು ಸಾಧಿಸುವುದೇ ಕ್ಷೇತ್ರಕಾರ್ಯದ ಅರ್ಧ ಕಷ್ಟ.

ಈ ಹಟ ನನ್ನೊಬ್ಬನದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಸುಮಾರು 13.8 ಕೋಟಿ ಬಾಲಕಾರ್ಮಿಕರಿದ್ದರು. ಅವರಲ್ಲಿ ಶೇ 61ರಷ್ಟು ಮಂದಿ ಕೃಷಿಯಲ್ಲಿದ್ದರು. ಮಾಮೂಲಿ ಲೆಕ್ಕದಲ್ಲಿ ಹುಡುಗರ ಪಾಲೇ ಹೆಚ್ಚು. ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ಮನೆಗೆಲಸವನ್ನೂ ಸೇರಿಸಿದರೆ ಹುಡುಗಿಯರ ಪಾಲು ಮೇಲಾಗುತ್ತದೆ. ಆ ಕಾಲಂ ಇಲ್ಲದ ಪ್ರಶ್ನಾವಳಿ ಹಿಡಿದು ಹುಡುಗಿಯರ ಯೋಜನೆಯನ್ನು ಅಳೆಯುವುದು ನನ್ನ ದೃಷ್ಟಿಯಲ್ಲಿ ಹಣ ದಂಡ.

ತಾಯಿಗೆ ಆಡು ಕೊಟ್ಟು ಆದಾಯ ಹೆಚ್ಚಿಸುವ ಬಗೆಯ ಯೋಜನೆಗಳಲ್ಲಿ ನಾನು ಇನ್ನಷ್ಟು ಎಚ್ಚರ ವಹಿಸುತ್ತೇನೆ. ಆದಾಯ ಬಂದರೆ ಮಗಳು ಕೂಲಿ ಬಿಡುತ್ತಾಳೆ ಎಂಬ ನಂಬಿಕೆ ಅದರ ಹಿಂದಿರುತ್ತದೆ. ಆದರೆ ಆಡು ಮೇಯಿಸುವವರು ಯಾರು? ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳು ದುಡಿಯುತ್ತಿದ್ದ ಕುಟುಂಬಗಳಿಗೆ ಸ್ವಂತ ಉದ್ಯೋಗದ ಸಾಮಗ್ರಿ ಕೊಟ್ಟಾಗ ಮಕ್ಕಳ ದುಡಿಮೆ ಹೆಚ್ಚಿದ್ದು ಪ್ರಯೋಗದಿಂದಲೇ ತಿಳಿದುಬಂದಿದೆ. ಆದ್ದರಿಂದ ಕೂಲಿ, ಮನೆಯ ಉದ್ಯೋಗ, ಮನೆಗೆಲಸ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳುತ್ತೇನೆ. ಮೊತ್ತ ಮಾತ್ರ ನೋಡಿದರೆ ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿದ್ದು ಕಾಣುವುದಿಲ್ಲ.

ಮೊದಲ ಮತ್ತು ಕೊನೆಯ ಸಮೀಕ್ಷೆ ಒಂದೇ ಹಂಗಾಮಿನಲ್ಲಿ ಆಗಬೇಕು. ಯೋಜನೆ ಮೊದಲು ತಲುಪುವ ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿದರೆ, ಉಳಿದವು ಹೋಲಿಕೆಗೆ ಸಿಗುತ್ತವೆ. ಈ ವಿಷಯದಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ.

ಸಬಲೀಕರಣದ ಅಳತೆ ಇನ್ನೂ ನಾಜೂಕು. ‘ನಿನಗೆ ಆತ್ಮವಿಶ್ವಾಸ ಬಂದಿದೆಯೇ?’ ಎಂದರೆ ತರಬೇತಿಯಲ್ಲಿ ಕಲಿಸಿದ ಉತ್ತರವೇ ಸಿಗುತ್ತದೆ. ಅದರ ಬದಲು ನಡೆದದ್ದನ್ನು ಕೇಳುತ್ತೇನೆ: ಕಳೆದ ಸಲ ಹುಷಾರು ತಪ್ಪಿದಾಗ ಆಸ್ಪತ್ರೆಗೆ ಹೋಗುವುದನ್ನು ಯಾರು ತೀರ್ಮಾನಿಸಿದರು? ಮದುವೆಯ ಮಾತು ಬಂದಿದ್ದರೆ ನಿನ್ನನ್ನು ಯಾರಾದರೂ ಕೇಳಿದರೇ?

ಎರಡನೇ ಸಮೀಕ್ಷೆಗೆ ಸಿಗದ ಹುಡುಗಿಯರಲ್ಲಿ ಮದುವೆಯಾದವರು, ಮನೆಗೆಲಸಕ್ಕೆ ಪಟ್ಟಣ ಸೇರಿದವರು ಇರುತ್ತಾರೆ. ಅವರನ್ನು ಪಟ್ಟಿಯಿಂದ ಬಿಟ್ಟರೆ ಯೋಜನೆ ಗೆದ್ದಂತೆ ಕಾಣುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ, ಒಪ್ಪಿಗೆ ಪಡೆದು, ಬೇರೆ ಮನೆಯಲ್ಲಿರುವ ಒಬ್ಬ ಸಂಬಂಧಿಯ ಮೊಬೈಲ್ ಸಂಖ್ಯೆಯನ್ನೂ ಬರೆದುಕೊಳ್ಳುತ್ತೇನೆ. ಹುಡುಕುವ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿಯೇ ತೋರಿಸುತ್ತೇನೆ. ಹಣ ಕೊಡುವವರು ಮೊದಲು ಹೊಡೆದುಹಾಕಲು ನೋಡುವುದು ಆ ಸಾಲನ್ನೇ.