ಬ್ಯಾಂಕಿನ ಸಂಕ್ಷಿಪ್ತ ದಾವೆ: ಷರತ್ತಿನ ಅನುಮತಿ ಸಿಕ್ಕಾಗ ಏನು ಮಾಡಬೇಕು?

ತೋಟದ ಸಾಲ ಬಾಕಿಯಾಗಿ ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಕೋರ್ಟ್ ಸಮನ್ಸ್ ಬಂದರೆ, ಮೊದಲು ದಾವೆ ನಂಬರಿನ ಕೆಳಗಿನ ಸಾಲು ಓದಿ. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 37ರ ಅಡಿ ಎಂದು ನಮೂದಿಸಿದ್ದರೆ ಅದು ಸಂಕ್ಷಿಪ್ತ ದಾವೆ. ಮಾಮೂಲಿ ದಾವೆಯಲ್ಲಿ ಪ್ರತಿವಾದಿಯ ಮಾತನ್ನು ಕೋರ್ಟ್ ಕೇಳಿಯೇ ಕೇಳುತ್ತದೆ. ಇಲ್ಲಿ ಮಾತಾಡುವುದಕ್ಕೇ ಅನುಮತಿ ಬೇಕು. ವಕೀಲರು ‘ಲೀವ್ ಟು ಡಿಫೆಂಡ್’ ಎನ್ನುವುದು ಇದಕ್ಕೇ. ಹಣ ಕಟ್ಟಿ, ಇಲ್ಲವೇ ಭದ್ರತೆ ಕೊಡಿ ಎಂಬ ಷರತ್ತಿನೊಡನೆ ಅದು ಸಿಕ್ಕರೆ ಷರತ್ತಿನ ಅನುಮತಿ.

ಪ್ರೋನೋಟು, ಲಿಖಿತ ಕರಾರು, ಜಾಮೀನು ಪತ್ರ ಇವುಗಳ ಆಧಾರದಲ್ಲಿ ನಿಗದಿತ ಹಣ ಕೇಳುವ ದಾವೆಗೆ ಮಾತ್ರ ಈ ದಾರಿ. ಅಡಮಾನದ ತೋಟ ಮಾರಿಸಿ ಕೊಡಿ ಎಂಬ ಬೇಡಿಕೆಯೂ ಅದರಲ್ಲಿದ್ದರೆ, ಇದು ಸಂಕ್ಷಿಪ್ತ ದಾವೆಯಾಗದು ಎಂದು ಮೊದಲ ಹಂತದಲ್ಲೇ ಹೇಳಿ. ಬಾಕಿ 20 ಲಕ್ಷ ರೂಪಾಯಿ ಅಥವಾ ಮೇಲಿದ್ದರೆ ಬ್ಯಾಂಕು ಹೋಗಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ.

ಸಮನ್ಸ್ ಕೈಸೇರಿದ 10 ದಿನದೊಳಗೆ ವಕಾಲತ್ತು ಹಾಕಿ ಹಾಜರಾಗಬೇಕು. ನೋಟಿಸು ತಲುಪುವ ವಿಳಾಸವನ್ನು ಕೋರ್ಟಿಗೆ ಕೊಟ್ಟು, ಹಾಜರಾದ ವಿಷಯವನ್ನು ಅದೇ ದಿನ ಬ್ಯಾಂಕಿನ ವಕೀಲರಿಗೂ ತಿಳಿಸಬೇಕು. ಆಮೇಲೆ ಬ್ಯಾಂಕು ತೀರ್ಪಿಗಾಗಿ ಎರಡನೇ ಸಮನ್ಸ್ ಕಳಿಸುತ್ತದೆ. ಅದು ತಲುಪಿದ ಮೇಲೆ ಮತ್ತೆ 10 ದಿನ. ಅಷ್ಟರೊಳಗೆ ಅನುಮತಿಯ ಅರ್ಜಿ, ಅಫಿಡವಿಟ್ ಎರಡೂ ಬೀಳಬೇಕು. ಮಳೆಗೆ ರಸ್ತೆ ಕಡಿದು ತಡವಾಯಿತೆನ್ನಿ, ಸಾಕಷ್ಟು ಕಾರಣ ತೋರಿಸಿದರೆ ಕೋರ್ಟ್ ಮನ್ನಿಸಬಹುದು. ಆದರೆ ಅದನ್ನೇ ನಂಬಿ ಕೂರಬೇಡಿ.

ಈ ಅಫಿಡವಿಟ್ಟೇ ಇಡೀ ದಾವೆಯ ಜೀವ. ‘ಬ್ಯಾಂಕು ಹೇಳುವುದೆಲ್ಲ ಸುಳ್ಳು’ ಎಂದು ಬರೆದರೆ ಅನುಮತಿ ಸಿಗುವುದಿಲ್ಲ. ಸಾಲ ಮಂಜೂರಾತಿ ಪತ್ರವನ್ನೂ ಖಾತೆಯ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟುಕೊಂಡು, ಬಡ್ಡಿ ಹಾಕಿದ ದಿನಾಂಕಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಗೆ ಬಡ್ಡಿ ಬಿದ್ದು, ಮುಂದಿನ ಸಲ ಆ ಬಡ್ಡಿಗೂ ಬಡ್ಡಿ ಬಿದ್ದಿದೆಯೇ? ಕೃಷಿ ಸಾಲಕ್ಕೆ ಹೀಗೆ ಮೂರು ತಿಂಗಳಿಗೋ ಆರು ತಿಂಗಳಿಗೋ ಚಕ್ರಬಡ್ಡಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ, ಕಾರ್ಪೊರೇಷನ್ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ರೈತನ ಕೈಗೆ ದುಡ್ಡು ಬರುವುದು ಫಸಲು ಬಂದಾಗ ಮಾತ್ರ. ಕಾಫಿ ಬೆಳೆಗಾರರು ಎತ್ತಬಹುದಾದ ಗಟ್ಟಿ ತಕರಾರು ಇದೇ ಎಂಬುದು ನನ್ನ ಅಭಿಪ್ರಾಯ. ಆದರೆ ಸಾಲ ಯಾವ ಹೆಸರಿನಲ್ಲಿ ಮಂಜೂರಾಗಿದೆ ಎಂದು ಮೊದಲು ನೋಡಿಕೊಳ್ಳಿ. ವ್ಯಾಪಾರದ ಸಾಲಕ್ಕೆ ಈ ಮಾತು ಹೊಂದದು. ಕಾಲಮಿತಿಯ ತಕರಾರು, ಅಂದರೆ ಮೂರು ವರ್ಷ ಮೀರಿದ ಮೇಲೆ ದಾವೆ ಹಾಕಿದ್ದಾರೆ ಎಂಬ ತಕರಾರು ಎತ್ತುವವರು, ನಡುವೆ ಬ್ಯಾಂಕಿನವರು ಕೊಟ್ಟ ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ನೆನಪಿದೆಯೇ ಎಂದು ಯೋಚಿಸಿ. ಅವಧಿಯೊಳಗೆ ಹಾಕಿದ ಒಂದು ಸಹಿ ಸಾಕು, ಮೂರು ವರ್ಷದ ಲೆಕ್ಕ ಅಲ್ಲಿಂದ ಹೊಸದಾಗಿ ಶುರು.

ಒಪ್ಪಿಕೊಳ್ಳುವ ಅಂಕಿ ಬರೆಯುವಾಗ ಎಚ್ಚರ. ಬ್ಯಾಂಕು 9 ಲಕ್ಷ ಕೇಳಿದೆ, 4 ಲಕ್ಷ ನಿಜಕ್ಕೂ ಬಾಕಿ ಎಂದು ನೀವೇ ಬರೆದರೆ, ಆ 4 ಲಕ್ಷ ಕಟ್ಟದೆ ಅನುಮತಿ ಇಲ್ಲ.

ಇನ್ನು ಕೋರ್ಟ್ ಏನು ತೂಗುತ್ತದೆ? ಹಬ್‌ಟೌನ್ ಎಂಬ ಕಂಪನಿಯ ಪ್ರಕರಣದ 2016ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ವಿಚಾರಣೆಗೆ ಯೋಗ್ಯವಾದ ನ್ಯಾಯವಾದ ತಕರಾರಿದ್ದರೆ ಷರತ್ತಿಲ್ಲದ ಅನುಮತಿ. ತಕರಾರಿದೆ, ಆದರೆ ಪ್ರಾಮಾಣಿಕತೆಯ ಬಗ್ಗೆ ಅನುಮಾನವಿದೆ ಎಂದಾದರೆ ಹಣ ಕಟ್ಟಿ, ಇಲ್ಲವೇ ಭದ್ರತೆ ಕೊಡಿ ಎಂಬ ಷರತ್ತು ಬರಬಹುದು. ತಕರಾರು ತೀರಾ ನಂಬಲಾಗದಂತಿದ್ದರೆ ಅಸಲು ಬಡ್ಡಿ ಪೂರ್ತಿಗೆ ಭದ್ರತೆ ಕೇಳಬಹುದು. ಬರೀ ನೆಪವಾದರೆ ಅನುಮತಿಯೇ ಇಲ್ಲ, ನೇರ ಡಿಕ್ರಿ.

ಷರತ್ತು ಬಂದ ಕೂಡಲೇ ಸೋತೆವೆಂದು ಕೈಚೆಲ್ಲುವವರಿದ್ದಾರೆ. ಹಾಗೆ ಮಾಡಬಾರದು. ಕೇಸು ಇನ್ನೂ ನಿಮ್ಮ ಕೈಯಲ್ಲೇ ಇದೆ. ಆದರೆ ಕೊಟ್ಟ ಗಡುವು ಮೀರಿದರೆ ಬ್ಯಾಂಕಿಗೆ ಆ ಕ್ಷಣವೇ ತೀರ್ಪು ಕೇಳುವ ಹಕ್ಕು ಬರುತ್ತದೆ. ಆಗಸ್ಟಿನಲ್ಲಿ ಆದೇಶವಾಗಿ ನಾಲ್ಕು ವಾರದಲ್ಲಿ ಹಣ ಕಟ್ಟಿ ಎಂದರೆ ಬೆಳೆಗಾರ ಎಲ್ಲಿಂದ ತರಬೇಕು? ಗಿಡದಲ್ಲಿ ಕಾಯಿ ಇನ್ನೂ ಹಸಿರು. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ, ರೋಬಸ್ಟಾ ಮಾರಿ ದುಡ್ಡು ಕಾಣುವುದು ಫೆಬ್ರವರಿ, ಮಾರ್ಚ್‌ಗೆ. ಆದ್ದರಿಂದ ಈ ಮಾತನ್ನು ಆದೇಶ ಬಂದ ಮೇಲಲ್ಲ, ಅಫಿಡವಿಟ್ಟಿನಲ್ಲೇ ಬರೆಯಿರಿ: ಷರತ್ತು ಹಾಕುವುದೇ ಆದರೆ ಇಂತಿಷ್ಟು ಮೊತ್ತ, ಇಂತಿಂಥ ಕಂತಿನಲ್ಲಿ, ಇಲ್ಲವೇ ಇಂಥ ಆಸ್ತಿಯ ಭದ್ರತೆ. ಕಳೆದ ವರ್ಷಗಳ ಕಾಫಿ ಮಾರಾಟದ ಬಿಲ್ಲುಗಳನ್ನೂ ಲಗತ್ತಿಸಿ. ಕಟ್ಟಿದ ಹಣವನ್ನು ದಾವೆ ಮುಗಿಯುವವರೆಗೆ ನಿಶ್ಚಿತ ಠೇವಣಿಯಲ್ಲಿ ಇಡಿಸಬೇಕೆಂದೂ ಕೇಳಿ. ಗೆದ್ದವರಿಗೆ ಬಡ್ಡಿಯಾದರೂ ಸಿಗುತ್ತದೆ.

ಗಡುವಿನೊಳಗೆ ಹಣ ಹೊಂದದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 148ರಡಿ ಹೆಚ್ಚಿನ ಕಾಲಾವಕಾಶ ಕೇಳಬಹುದು. ಸಾಮಾನ್ಯವಾಗಿ ಒಟ್ಟು 30 ದಿನ ಅದರ ಮಿತಿ. ಷರತ್ತೇ ಅನ್ಯಾಯದ್ದು ಅನಿಸಿದರೆ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಲು ದಾರಿಯಿದೆ. ಅಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಇಲ್ಲಿನ ಗಡುವು ನಿಲ್ಲುವುದಿಲ್ಲ, ತಡೆಯಾಜ್ಞೆ ಬೇಕು. ವಕೀಲರ ಖರ್ಚಿಗೆ ದಾರಿಯಿಲ್ಲದವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲ.

ಸಮನ್ಸೇ ಬಾರದೆ ಡಿಕ್ರಿ ಆಗಿಹೋಗಿದ್ದರೆ, ವಿಶೇಷ ಕಾರಣ ತೋರಿಸಿ ಅದನ್ನು ರದ್ದು ಮಾಡಿಸಲು ಆರ್ಡರ್ 37ರ ರೂಲ್ 4 ಇದೆ. ಸಮನ್ಸ್ ಸಿಗಲಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಸಿಕ್ಕಿದ್ದರೆ ಯಾವ ತಕರಾರು ಎತ್ತುತ್ತಿದ್ದಿರಿ ಎಂಬುದನ್ನೂ ಅದೇ ಅರ್ಜಿಯಲ್ಲಿ ದಾಖಲೆ ಸಮೇತ ತೋರಿಸಬೇಕು.